ಸೆಪ್ಟಿಕ್ ಟ್ಯಾಂಕ್ ಸೋರಿ ಬಾವಿ ಕೆಡುತ್ತಿದೆ ಎಂಬ ದೂರು: "ದೋಷ ಕಂಡುಬಂದಿಲ್ಲ" ಎಂದು ಆರೋಗ್ಯ ಮಂಡಳಿ ಕಡತ ಮುಚ್ಚದಂತೆ ಬರೆಯುವುದು ಹೇಗೆ?

ಬಾವಿಕಟ್ಟೆ:
ಪಕ್ಕದ ಸೆಪ್ಟಿಕ್ ಟ್ಯಾಂಕಿನಿಂದ ಬಾವಿಗೆ ಹೊಲಸು ಇಳಿಯುತ್ತಿದೆ ಅಂತ ಸ್ಥಳೀಯ ಆರೋಗ್ಯ ಮಂಡಳಿಗೆ ಯಾರಾದರೂ ದೂರು ಕೊಟ್ಟರೆ ಬಹುಪಾಲು ಸಲ ನಡೆಯುವುದು ಒಂದೇ ಕಥೆ. ಅರ್ಜಿ ಟಪಾಲಿನಲ್ಲಿ ಕೂತು, ಇನ್‌ಸ್ಪೆಕ್ಟರ್ ಕೈಗೆ ಬಂದು, ಅವರು ಸ್ಥಳಕ್ಕೆ ಬರುವ ಹೊತ್ತಿಗೆ ಮಳೆ ನಿಂತಿರುತ್ತೆ, ನೆಲ ಒಣಗಿರುತ್ತೆ, ಟ್ಯಾಂಕಿನ ಮುಚ್ಚಳಕ್ಕೆ ಹೊಸ ಗಾರೆ ಬಿದ್ದಿರುತ್ತೆ. "ಸ್ಥಳ ಪರಿಶೀಲಿಸಲಾಗಿದೆ, ದೋಷ ಕಂಡುಬಂದಿಲ್ಲ" ಅಂತ ಹಿಂಬರಹ. ಅಲ್ಲಿಗೆ ಮುಗಿಯಿತು.

ಗೊತ್ತಿರುವವರು ಹೇಳಿ. ದೂರನ್ನು ಹೇಗೆ ಬರೆದರೆ ಹೀಗೆ ಒಂದೇ ಸಾಲಿನಲ್ಲಿ ತಳ್ಳಿಹಾಕೋಕೆ ಆಗಲ್ಲ? ಯಾವ ಪರೀಕ್ಷೆ ಮಾಡಿ ಅಂತ ಕೇಳಬೇಕು? ಅವರು ಬರುವ ತನಕ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಬಹುದಾ? "ಆಫೀಸಿನವರೆಲ್ಲ ಹಾಗೇ" ಅನ್ನುವ ಉತ್ತರ ಮಾತ್ರ ಬೇಡ.

ತಗಾದೆ_ತಮ್ಮಯ್ಯ:
ಆಫೀಸಿನವರೆಲ್ಲ ಹಾಗೇ.

ಹಿಂಬರಹ:
ಕೊನೆಯ ಪ್ರಶ್ನೆಗೆ ಮೊದಲ ಉತ್ತರ: ಈಗಲೇ ಬ್ಲೀಚಿಂಗ್ ಹಾಕಬೇಡಿ. ಮಾದರಿ ತೆಗೆಯುವ ಮೊದಲು ಕ್ಲೋರಿನ್ ಬಿದ್ದರೆ ಬ್ಯಾಕ್ಟೀರಿಯಾ ಸತ್ತು ವರದಿ ಚೊಕ್ಕವಾಗಿ ಬರುತ್ತೆ, ದೂರು ಅಲ್ಲೇ ಬಿದ್ದುಹೋಗುತ್ತೆ. ಮೊದಲು ಮಾದರಿ, ಆಮೇಲೆ ಕ್ಲೋರಿನ್. ಅಲ್ಲಿಯವರೆಗೆ ಕುಡಿಯೋಕೆ ಬೇರೆ ಕಡೆಯ ನೀರು, ಅದೂ ಸಿಗದಿದ್ದರೆ ಕುದಿಸಿದ ನೀರು.

ಇನ್ನು ಅರ್ಜಿ. ಜನ ಮಾಡುವ ದೊಡ್ಡ ತಪ್ಪು ಅಂದರೆ ಕಂಡದ್ದನ್ನು ಬಿಟ್ಟು ತೀರ್ಮಾನ ಬರೆಯೋದು. "ಅವರ ಟ್ಯಾಂಕ್ ಸೋರುತ್ತಿದೆ" ಅನ್ನೋದು ತೀರ್ಮಾನ. ಇನ್‌ಸ್ಪೆಕ್ಟರ್ ಟ್ಯಾಂಕ್ ನೋಡಿ "ಸೋರುತ್ತಿಲ್ಲ" ಅಂತ ಬರೆದರೆ ನಿಮ್ಮ ಅರ್ಜಿಗೆ ಪೂರ್ತಿ ಉತ್ತರ ಸಿಕ್ಕಂತಾಯಿತು. ಅದರ ಬದಲು: "ಪೂರ್ವದ ಕಾಂಪೌಂಡ್ ಗೋಡೆಯ ಬುಡದಲ್ಲಿ, ಬಾವಿಯಿಂದ 9 ಮೀಟರ್ ದೂರದಲ್ಲಿ, ಬೆಳಿಗ್ಗೆ 6ರಿಂದ 8ರವರೆಗೆ ಬೂದು ಬಣ್ಣದ ನೀರು ಜಿನುಗುತ್ತದೆ, ಮಳೆಯಾದ ಮರುದಿನ ಬಾವಿ ನೀರಿನಲ್ಲಿ ಕೊಳೆತ ವಾಸನೆ ಮತ್ತು ನೊರೆ ಇರುತ್ತದೆ." ಇದರಲ್ಲಿ ಜಾಗ ಇದೆ, ಹೊತ್ತು ಇದೆ, ದೂರ ಇದೆ. ಮಧ್ಯಾಹ್ನ 3ಕ್ಕೆ ಬಂದು ಏನೂ ಕಾಣಲಿಲ್ಲ ಅಂದರೆ, ತಪ್ಪು ಹೊತ್ತಿಗೆ ಬಂದದ್ದು ಅವರ ಕಡತದಲ್ಲೇ ದಾಖಲಾಗುತ್ತೆ.

ಒಂದು ಅರ್ಜಿಗೆ ಒಂದೇ ವಿಷಯ. ಟ್ಯಾಂಕ್, ನಾಯಿ, ಕಸ, ಮರದ ಕೊಂಬೆ, ಗೋಡೆ ಜಗಳ ಎಲ್ಲ ಒಂದೇ ಹಾಳೆಯಲ್ಲಿ ಇದ್ದರೆ ಸುಲಭವಾದದ್ದಕ್ಕೆ ಉತ್ತರ ಕೊಟ್ಟು ಉಳಿದದ್ದನ್ನು ಮುಚ್ಚುತ್ತಾರೆ. ಗೋಡೆ ಗಡಿ ವಿಚಾರ ಬಂತೋ, "ಖಾಸಗಿ ವ್ಯಾಜ್ಯ, ಮಂಡಳಿಯ ವ್ಯಾಪ್ತಿಗೆ ಬರುವುದಿಲ್ಲ" ಅನ್ನೋ ವಾಕ್ಯ ರೆಡಿ ಇರುತ್ತೆ.

ಫೋಟೋ ತೆಗೆಯುವಾಗ ಪಕ್ಕದಲ್ಲಿ ಅಳತೆ ಪಟ್ಟಿ ಇಡಿ. ಬಾವಿಯೂ ಗೋಡೆಯೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಒಂದು, ಹತ್ತಿರದಿಂದ ಒಂದು. ಸ್ವೀಕೃತಿ ಸಂಖ್ಯೆ ಇಲ್ಲದೆ ಅರ್ಜಿ ಕೊಟ್ಟು ಬರಬೇಡಿ.

ಮೋರಿಮಿತ್ರ:
ಮೇಲಿನದಕ್ಕೆ ಒಂದು ಸೇರಿಸ್ತೀನಿ. ಇನ್‌ಸ್ಪೆಕ್ಟರ್ ಮುಚ್ಚಳ ನೋಡಿ ಹೋಗೋದಲ್ಲ, ಮುಚ್ಚಳ ತೆಗೆಸಿ ಒಳಗಿನ ಮಟ್ಟ ನೋಡಬೇಕು. ಅರ್ಜಿಯಲ್ಲೇ ಇದನ್ನ ಕೇಳಿ: "ಟ್ಯಾಂಕಿನೊಳಗಿನ ನೀರಿನ ಮಟ್ಟ ಹೊರಹೋಗುವ ಪೈಪಿನ ತಳಕ್ಕೆ ಹೋಲಿಸಿದರೆ ಎಲ್ಲಿದೆ ಎಂದು ದಾಖಲಿಸುವುದು."

ಕಾರಣ ಸರಳ. ಬಳಕೆಯಲ್ಲಿರುವ ಸರಿಯಾದ ಸೆಪ್ಟಿಕ್ ಟ್ಯಾಂಕ್ ಯಾವಾಗಲೂ ಹೊರಪೈಪಿನ ತಳದವರೆಗೆ ತುಂಬಿರುತ್ತೆ. ಎಷ್ಟು ಒಳಗೆ ಬರುತ್ತೋ ಅಷ್ಟೇ ಹೊರಗೆ ಹೋಗುತ್ತೆ. ಮಟ್ಟ ಅದಕ್ಕಿಂತ ಕೆಳಗಿದ್ದು, ಇತ್ತೀಚೆಗೆ ಖಾಲಿ ಮಾಡಿಸಿಲ್ಲ ಅಂದರೆ ಟ್ಯಾಂಕಿನ ಗೋಡೆಯೋ ತಳವೋ ಬಿರುಕು ಬಿಟ್ಟಿದೆ, ನೀರು ಪೈಪಿಗೆ ಹೋಗದೆ ನೆಲಕ್ಕೆ ಇಳೀತಿದೆ. ಮಟ್ಟ ಪೈಪಿಗಿಂತ ಮೇಲಿದ್ದರೆ ಹೊರಪೈಪು ಕಟ್ಟಿದೆ, ಇಲ್ಲವೇ ಇಂಗುಗುಂಡಿ (ಹೊರಪೈಪಿನ ನೀರು ನೆಲಕ್ಕೆ ಇಂಗುವ ಗುಂಡಿ) ನೀರು ಕುಡಿಯೋದು ನಿಲ್ಲಿಸಿದೆ.

ಇವೆರಡರಲ್ಲಿ ಯಾವುದು ಅಂತ ಹೀರುವ ಲಾರಿ ತಂದಾಗ ಗೊತ್ತಾಗುತ್ತೆ. ಟ್ಯಾಂಕ್ ಖಾಲಿಯಾದ ಕೂಡಲೇ ಹೊರಪೈಪಿನಿಂದ ನೀರು ವಾಪಸ್ ಟ್ಯಾಂಕಿಗೆ ಹರಿದರೆ ಇಂಗುಗುಂಡಿ ಸತ್ತಿದೆ ಅಂತ ಲೆಕ್ಕ. ಖಾಲಿ ಮಾಡಿಸುವ ದಿನ ಮಂಡಳಿಯವರು ಹಾಜರಿರಬೇಕು ಅನ್ನೋದು ಅದಕ್ಕೇ. ಆ ಹತ್ತು ನಿಮಿಷ ತಪ್ಪಿದರೆ ಮತ್ತೆ ತಿಂಗಳುಗಟ್ಟಲೆ ಕಾಯಬೇಕು.

ಇಂಗುಗುಂಡಿ ಸಾಯೋದು ಯಾಕೆ ಅಂದ್ರೆ, ಕೆಸರು ದಾಟಿಬಂದು. ತಳದ ಕೆಸರು ಮತ್ತು ಮೇಲಿನ ಜಿಡ್ಡು ಪದರ ಸೇರಿ ಟ್ಯಾಂಕಿನ ಮೂರನೇ ಒಂದು ಭಾಗ ಆಗುವಷ್ಟರಲ್ಲಿ ತೆಗೆಸಬೇಕು. ಮನೆ ಟ್ಯಾಂಕಿಗೆ ಸುಮಾರು 3ರಿಂದ 5 ವರ್ಷ. ತೆಗೆಸದಿದ್ದರೆ ಕೆಸರು ಗುಂಡಿಗೆ ಹೋಗಿ ಮಣ್ಣಿನ ಮೇಲೆ ಕಪ್ಪು ಲೋಳೆಯ ಪದರ ಕಟ್ಟುತ್ತೆ. ಹೊರಪೈಪಿನ ತುದಿಯ ‘ಟಿ’ ತುಂಡು (ಮೇಲಿನ ಜಿಡ್ಡು ಪೈಪಿಗೆ ಹೋಗದಂತೆ ತಡೆಯೋದು) ಮುರಿದುಬಿದ್ದಿದ್ದರೂ ಇದೇ ಗತಿ, ಜಿಡ್ಡು ನೇರ ಹೊರಗೆ. ‘ಟಿ’ ಇದೆಯೋ ಇಲ್ಲವೋ ಅಂತ ನೋಡೋಕೆ ಒಂದು ಟಾರ್ಚ್ ಸಾಕು, ಆದರೂ ಪರಿಶೀಲನಾ ವರದಿಗಳಲ್ಲಿ ಅದು ಇರೋದೇ ಇಲ್ಲ.

ಪ್ರಶ್ನಾರ್ಥಕ:
ಹಾಗಾದ್ರೆ ನಾವೇ ಮುಚ್ಚಳ ತೆಗೆದು ಮಟ್ಟ ನೋಡಿ ಫೋಟೋ ಕಳಿಸಬಹುದಲ್ವಾ ಸಾರ್? ಇನ್‌ಸ್ಪೆಕ್ಟರಿಗೆ ಯಾಕೆ ಕಾಯಬೇಕು?

ಮೋರಿಮಿತ್ರ:
ಬೇಡ್ವೇ ಬೇಡ. ಮೊದಲನೇದು, ಅದು ಇನ್ನೊಬ್ಬರ ಜಾಗ. ಎರಡನೇದು ಅದಕ್ಕಿಂತ ದೊಡ್ಡದು: ಒಳಗೆ ಹೈಡ್ರೋಜನ್ ಸಲ್ಫೈಡ್ ಇರುತ್ತೆ, ಆಮ್ಲಜನಕ ಕಡಿಮೆ ಇರುತ್ತೆ, ಮೀಥೇನ್ ಇರುತ್ತೆ. ಬಗ್ಗಿ ಇಣುಕಿದ್ರೂ ತಲೆ ತಿರುಗಿ ಒಳಗೆ ಬೀಳಬಹುದು. ಬಿದ್ದವರನ್ನು ಎತ್ತೋಕೆ ಇಳಿದವರೂ ಸಾಯ್ತಾರೆ, ಟ್ಯಾಂಕ್ ಸಾವುಗಳು ಜೋಡಿ ಜೋಡಿಯಾಗಿ ಆಗೋದು ಹೀಗೇ. ವಾಸನೆ ಬಂದ್ರೆ ಹಿಂದೆ ಸರೀತೀನಿ ಅನ್ನೋ ಧೈರ್ಯವೂ ಬೇಡ. ಗಾಳಿಯಲ್ಲಿ ಸುಮಾರು 100 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 100 ಭಾಗ) ದಾಟಿದ ಮೇಲೆ ಹೈಡ್ರೋಜನ್ ಸಲ್ಫೈಡ್ ಮೂಗಿನ ಗ್ರಹಣಶಕ್ತಿಯನ್ನೇ ಕೊಲ್ಲುತ್ತೆ, ವಾಸನೆ ನಿಂತಿತು ಅನ್ನಿಸುತ್ತೆ. ಬೆಂಕಿಕಡ್ಡಿ ಗೀರಿ ನೋಡೋ ಹಳೇ ಬುದ್ಧಿವಂತಿಕೆಯಂತೂ ದೇವರಿಗೇ ಪ್ರೀತಿ.

ಬಣ್ಣದನೀರು:
ಇಷ್ಟೆಲ್ಲ ಯಾಕೆ, ಬಣ್ಣದ ಪರೀಕ್ಷೆ ಕೇಳಿ. ಶಂಕೆ ಇರುವ ಮನೆಯ ಕಕ್ಕಸಿಗೆ ಫ್ಲೋರೆಸೀನ್ ಅನ್ನೋ ಹೊಳೆಯುವ ಬಣ್ಣ ಹಾಕಿ ಚೆನ್ನಾಗಿ ನೀರು ಬಿಡೋದು, ಬಾವಿಯಲ್ಲಿ ಹಸಿರು-ಹಳದಿ ಹೊಳಪು ಬಂದರೆ ಸಾಬೀತು. ಮುಗೀತು ಕಥೆ.

ಲ್ಯಾಬ್‌ಬಾಟಲಿ:
ಬಂದರೆ ಸಾಬೀತು, ಸರಿ. ಬಾರದಿದ್ದರೆ? ಅಲ್ಲೇ ಎಡವೋದು. ಬಣ್ಣ ಕಾಣಲಿಲ್ಲ ಅಂದ ಮಾತ್ರಕ್ಕೆ ಸೋರಿಕೆ ಇಲ್ಲ ಅಂತಲ್ಲ. ಜೇಡಿಮಣ್ಣು ಬಣ್ಣವನ್ನು ಹಿಡಿದಿಟ್ಟುಕೊಳ್ಳುತ್ತೆ. ಬಿಸಿಲು ಬಿದ್ದರೆ ಫ್ಲೋರೆಸೀನ್ ಮಾಸುತ್ತೆ. ಬಾವಿಯಲ್ಲಿ ಕ್ಲೋರಿನ್ ಇದ್ದರೆ ಬಣ್ಣ ಸುಟ್ಟೇ ಹೋಗುತ್ತೆ (ಬ್ಲೀಚಿಂಗ್ ಬೇಡ ಅನ್ನೋಕೆ ಇದು ಎರಡನೇ ಕಾರಣ). ಬಿರುಕು ಬಂಡೆಯಲ್ಲಿ ಗಂಟೆಗಳಲ್ಲಿ ತಲುಪೋದು, ಬಿಗಿ ಮಣ್ಣಿನಲ್ಲಿ ವಾರಗಳಾದರೂ ತಲುಪದೆ ಇರಬಹುದು. ಇನ್‌ಸ್ಪೆಕ್ಟರ್ ಬೆಳಿಗ್ಗೆ ಬಣ್ಣ ಹಾಕಿ ಸಂಜೆ "ಕಾಣಲಿಲ್ಲ" ಅಂತ ಬರೆದರೆ ಅದಕ್ಕೆ ಬೆಲೆ ಇಲ್ಲ.

ಸರಿಯಾದ ಕ್ರಮ ಹೀಗೆ. ಬಣ್ಣ ಹಾಕುವ ಮೊದಲೇ ಬಾವಿ ನೀರನ್ನು ಒಂದು ಗಾಜಿನ ಬಾಟಲಿಯಲ್ಲಿ ತೆಗೆದು ಮುದ್ರೆ ಹಾಕಿ ಕತ್ತಲಲ್ಲಿ ಇಡಬೇಕು, ಹೋಲಿಕೆಗೆ. ಬಣ್ಣ ಹಾಕಿದ ಮೇಲೆ ಮೊದಲ ದಿನ ಕೆಲವು ಗಂಟೆಗೊಮ್ಮೆ, ಆಮೇಲೆ ದಿನಕ್ಕೊಮ್ಮೆ ಮಾದರಿ. ಬರಿಗಣ್ಣಿಗೆ ಕಾಣದಷ್ಟು ಕಡಿಮೆ ಬಂದರೂ ಸಿಕ್ಕಿಬೀಳಬೇಕು ಅಂದರೆ ಬಲೆಚೀಲದಲ್ಲಿ ಸಕ್ರಿಯ ಇದ್ದಿಲು ತುಂಬಿ ಬಾವಿಯೊಳಗೆ ತೂಗುಬಿಡುತ್ತಾರೆ. ಅದು ಬಣ್ಣವನ್ನು ಹೀರಿ ಕೂಡಿಡುತ್ತೆ, ಪ್ರಯೋಗಾಲಯದಲ್ಲಿ ಆಲ್ಕೋಹಾಲ್ ಮತ್ತು ಕ್ಷಾರದ ದ್ರಾವಣದಿಂದ ಬಿಡಿಸಿ ಅಳೆಯುತ್ತಾರೆ. ಎರಡು ಮನೆಗಳ ಮೇಲೆ ಶಂಕೆ ಇದ್ದರೆ ಎರಡಕ್ಕೂ ಒಟ್ಟಿಗೆ ಹಾಕಬಾರದು. ಒಂದು ಪೂರ್ತಿ ತೆಳುವಾಗಿ ಹೋದ ಮೇಲೆ ಇನ್ನೊಂದು. ಎಷ್ಟು ಹಾಕಬೇಕು ಅನ್ನೋದು ಮಂಡಳಿಯವರ ಕೈಯಲ್ಲೇ ಇರಲಿ, ಅತಿಯಾದರೆ ಬಾವಿ ದಿನಗಟ್ಟಲೆ ಹಸಿರಾಗಿ ಬೇರೆಯೇ ಗಲಾಟೆ ಶುರುವಾಗುತ್ತೆ.

ಬಾವಿಕಟ್ಟೆ:
ಮಾದರಿ ತೆಗೆಯುವುದರ ಬಗ್ಗೆಯೂ ಹೇಳಿ ಮೇಡಂ. ಕೊಡದಿಂದ ಬಾಟಲಿಗೆ ಸುರಿದು ಕೊಟ್ಟರೆ ಸಾಕಾ?

ಲ್ಯಾಬ್‌ಬಾಟಲಿ:
ಸಾಲದು. ಕೊಡ, ಹಗ್ಗ, ಕೈ, ಎಲ್ಲದರ ಬ್ಯಾಕ್ಟೀರಿಯಾ ಅದರಲ್ಲಿ ಸೇರಿರುತ್ತೆ, ಎದುರು ಪಕ್ಷದವರು ಮೊದಲು ಹಿಡಿಯೋದೇ ಅದನ್ನ.

ತೆರೆದ ಬಾವಿಯಾದರೆ ಪ್ರಯೋಗಾಲಯ ಕೊಟ್ಟ ಕ್ರಿಮಿಶುದ್ಧ ಬಾಟಲಿಗೆ ಶುದ್ಧವಾದ ದಾರ ಮತ್ತು ತೂಕ ಕಟ್ಟಿ, ಬಾವಿ ಗೋಡೆಗೆ ತಾಗದಂತೆ ಇಳಿಸಿ, ನೀರಿನ ಮೇಲ್ಪದರ ದಾಟಿ ಒಂದು ಗೇಣು ಕೆಳಗೆ ತುಂಬಿಸಬೇಕು. ನಲ್ಲಿಯಾದರೆ ತುದಿಯ ಜಾಲರಿ ಬಿಚ್ಚಿ, ಬಾಯಿಯನ್ನು ಬೆಂಕಿಯಿಂದಲೋ ಸ್ಪಿರಿಟ್‌ನಿಂದಲೋ ಶುದ್ಧಮಾಡಿ, ಎರಡು-ಮೂರು ನಿಮಿಷ ನೀರು ಹರಿಯಬಿಟ್ಟು ಹಿಡಿಯಬೇಕು. ಬಾಟಲಿಯೊಳಗೆ ಬಿಳಿ ಪುಡಿ ಇದ್ದರೆ ಕೊಳೆ ಅಂತ ತೊಳೆಯಬೇಡಿ! ಅದು ಸೋಡಿಯಂ ಥಯೋಸಲ್ಫೇಟ್, ನೀರಿನಲ್ಲಿ ಉಳಿದ ಕ್ಲೋರಿನ್ನನ್ನು ನಿಷ್ಕ್ರಿಯ ಮಾಡೋಕೆ ಹಾಕಿರೋದು. ಕತ್ತಿನವರೆಗೆ ತುಂಬದೆ ಸ್ವಲ್ಪ ಗಾಳಿ ಜಾಗ ಬಿಡಿ, ಕಲಕೋಕೆ ಬೇಕು. ಮುಚ್ಚಳದ ಒಳಭಾಗ ಮುಟ್ಟಬೇಡಿ, ನೆಲದ ಮೇಲೂ ಇಡಬೇಡಿ. ಐಸ್ ಡಬ್ಬಿಯಲ್ಲಿ, ಬೆಳಕು ಬೀಳದಂತೆ, ಆದಷ್ಟೂ 6 ಗಂಟೆಯೊಳಗೆ ತಲುಪಿಸಿ. 24 ಗಂಟೆ ದಾಟಿದರೆ ಒಳ್ಳೆಯ ಪ್ರಯೋಗಾಲಯ ವಾಪಸ್ ಕಳಿಸುತ್ತೆ.

ಏನು ಪರೀಕ್ಷಿಸಬೇಕು ಅನ್ನೋದನ್ನೂ ಬರೆದು ಕೊಡಿ. ಬರೀ ‘ಒಟ್ಟು ಕೋಲಿಫಾರ್ಮ್’ ಸಾಲದು, ಅದು ಬ್ಯಾಕ್ಟೀರಿಯಾಗಳ ಒಂದು ದೊಡ್ಡ ಗುಂಪು, ಅವುಗಳಲ್ಲಿ ಹಲವು ಮಣ್ಣು, ಎಲೆಗಳಲ್ಲೂ ಇರುತ್ತವೆ. ಇ-ಕೋಲೈ ಬೇಕು, ಅದು ಮಲದ ಗುರುತು. ಕುಡಿಯುವ ನೀರಿನಲ್ಲಿ 100 ಮಿ.ಲೀ.ಗೆ ಸೊನ್ನೆ ಇರಬೇಕು. ಜೊತೆಗೆ ನೈಟ್ರೇಟ್ ಮತ್ತು ಕ್ಲೋರೈಡ್. ನೈಟ್ರೇಟಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 50 ಮಿ.ಗ್ರಾಂ. ಹಸುಗೂಸು ಇರುವ ಮನೆಯಲ್ಲಿ ಇದನ್ನ ಹಗುರವಾಗಿ ತಗೋಬೇಡಿ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತೆ, ನೈಟ್ರೇಟ್ ಹೋಗಲ್ಲ. ನೀರು ಆವಿಯಾದಷ್ಟೂ ಹೆಚ್ಚೇ ಆಗುತ್ತೆ.

ತಗಾದೆ_ತಮ್ಮಯ್ಯ:
ನೈಟ್ರೇಟ್ ಗೊಬ್ಬರದಿಂದಲೂ ಬರುತ್ತೆ, ಇ-ಕೋಲೈ ದನದ ಕೊಟ್ಟಿಗೆಯಿಂದಲೂ ಬರುತ್ತೆ. ಪಕ್ಕದವರ ವಕೀಲರು ಅದನ್ನೇ ಹೇಳೋದು. ಆವಾಗ?

ಬಣ್ಣದನೀರು:
ಒಳ್ಳೆ ಪಾಯಿಂಟು ತಮ್ಮಯ್ಯನೋರೆ, ಅಪರೂಪಕ್ಕೆ. ಉತ್ತರ ಇದೆ. ಬಟ್ಟೆ ಸೋಪಿನ ಪುಡಿಯಲ್ಲಿ ಬಿಳುಪು ಹೆಚ್ಚಿಸುವ ಹೊಳಪುಕಾರಕ ರಾಸಾಯನಿಕಗಳಿರುತ್ತವೆ. ಅವು ಹತ್ತಿಗೆ ಅಂಟಿಕೊಳ್ಳುತ್ತವೆ, ನೇರಳಾತೀತ ದೀಪದಡಿ ನೀಲಿಯಾಗಿ ಹೊಳೆಯುತ್ತವೆ. ಇಂಥ ರಾಸಾಯನಿಕ ಸೋಕದ ಹತ್ತಿಯನ್ನು ಬಲೆಯಲ್ಲಿಟ್ಟು ಬಾವಿಯಲ್ಲಿ ಕೆಲವು ದಿನ ತೂಗುಬಿಟ್ಟು ದೀಪ ಹಿಡಿದು ನೋಡುತ್ತಾರೆ. ಹೊಳೆದರೆ ಮನೆಬಳಕೆಯ ಕೊಳಚೆ ಸೇರಿದೆ ಅಂತ ಅರ್ಥ. ದನ ಸೋಪಿನ ಪುಡಿ ಬಳಸಲ್ಲ. ಆದರೆ ಬಾವಿಕಟ್ಟೆ ಮೇಲೇ ಬಟ್ಟೆ ಒಗೆಯೋ ಮನೆಯಾದರೆ ಈ ಪರೀಕ್ಷೆ ಮರೆತುಬಿಡಿ.

ಲ್ಯಾಬ್‌ಬಾಟಲಿ:
ನೆಲದ ನೀರು ಹರಿದುಬರುವ ದಿಕ್ಕಿನಲ್ಲಿ, ಟ್ಯಾಂಕಿಗಿಂತ ಮೇಲ್ಗಡೆಯ ಇನ್ನೊಂದು ಬಾವಿಯಿಂದಲೂ ಅದೇ ದಿನ ಮಾದರಿ ತೆಗೆಸಿ. ಅಲ್ಲಿ ನೈಟ್ರೇಟ್ ಕಡಿಮೆ, ಇಲ್ಲಿ ಹೆಚ್ಚು ಅಂದರೆ ವಾದಕ್ಕೆ ಬಲ. ಮಳೆಯಾದ ಮೇಲೆ ಒಂದು, ಒಣ ದಿನದಲ್ಲಿ ಒಂದು. ಒಂಟಿ ಮಾದರಿ ಯಾವತ್ತೂ ದುರ್ಬಲ.

ಪ್ರಶ್ನಾರ್ಥಕ:
ಟ್ಯಾಂಕಿಗೂ ಬಾವಿಗೂ 30 ಮೀಟರ್ ಇದ್ದರೆ ಸಮಸ್ಯೆನೇ ಇಲ್ಲ ಅಂತಾರಲ್ಲ?

ಕಲ್ಲುಬಂಡೆ:
30 ಮೀಟರ್ ದೂರ ಮತ್ತು ಗುಂಡಿಯ ತಳ ಅಂತರ್ಜಲ ಮಟ್ಟಕ್ಕಿಂತ ಕನಿಷ್ಠ 1.5 ಮೀಟರ್ ಮೇಲೆ, ಇದು ವಿಪತ್ತು ಪರಿಹಾರದವರು ಬಳಸುವ ಸ್ಫಿಯರ್ ಮಾನದಂಡದಲ್ಲೂ ಇರುವ ಸೂತ್ರ. ಜನ ಮೊದಲ ಅರ್ಧ ಮಾತ್ರ ನೆನಪಿಟ್ಟುಕೊಳ್ತಾರೆ. ಕೊಳಚೆಯನ್ನು ಸೋಸೋದು ದೂರ ಅಲ್ಲ, ನೀರು ತುಂಬದ ಒಣ ಮಣ್ಣಿನ ಪದರ. ಮಳೆಗಾಲದಲ್ಲಿ ಅಂತರ್ಜಲ ಏರಿ ಗುಂಡಿಯ ತಳ ಮುಟ್ಟಿತೋ, ಆ ಸೋಸುವಿಕೆ ಹೋಯಿತು. ಬೇಸಗೆಯಲ್ಲಿ ಪಾಸಾದ ಬಾವಿ ಮಳೆಗಾಲದಲ್ಲಿ ಫೇಲಾಗೋದು ಅದಕ್ಕೇ. ಬಿರುಕು ಬಿಟ್ಟ ಬಂಡೆ ಅಥವಾ ಸುಣ್ಣಕಲ್ಲು ಇದ್ದಲ್ಲಿ 30 ಅಲ್ಲ, 100 ಮೀಟರ್ ಕೂಡ ಭರವಸೆ ಅಲ್ಲ. ಉತ್ತಮ ಮರಳುಮಿಶ್ರಿತ ಮಣ್ಣಿದ್ದರೆ ಅದಕ್ಕಿಂತ ಕಡಿಮೆ ದೂರದಲ್ಲೂ ಬಾವಿ ಚೆನ್ನಾಗಿರುತ್ತೆ. ಆದ್ದರಿಂದ "ನಿಯಮದಷ್ಟು ದೂರ ಇದೆ" ಅಂತ ಬರೆದು ಕಡತ ಮುಚ್ಚಿದರೆ ಒಪ್ಪಬೇಡಿ, ಹಾಗೇ ದೂರ ಕಡಿಮೆ ಅನ್ನೋ ಒಂದೇ ಕಾರಣಕ್ಕೆ ಸೋರಿಕೆ ಖಚಿತ ಅಂತಲೂ ವಾದಿಸಬೇಡಿ.

ತಗಾದೆ_ತಮ್ಮಯ್ಯ:
ಇಷ್ಟೆಲ್ಲ ತಲೆನೋವಿಗಿಂತ ಮಾದರಿ ತೆಗೆದ ಮೇಲೆ ಒಂದು ಕೆಜಿ ಬ್ಲೀಚಿಂಗ್ ಸುರಿದು ಆರಾಮಾಗಿರೋದು ವಾಸಿ.

ಲೆಕ್ಕದ_ಹಾಳೆ:
ಒಂದು ಕೆಜಿ ಎಲ್ಲಿಂದ ಬಂತು ಸ್ವಾಮಿ? 3 ಮೀಟರ್ ಅಗಲ, 4 ಮೀಟರ್ ನೀರಿರುವ ದುಂಡು ಬಾವಿ ತಗೊಳ್ಳಿ. 3.14 × 3 × 3 × 4 ÷ 4 = 28.26 ಘನ ಮೀಟರ್, ಅಂದರೆ 28,260 ಲೀಟರ್. ದಿನಬಳಕೆಗೆ ಕ್ಲೋರಿನ್ ಹಾಕೋದಾದರೆ 1,000 ಲೀಟರಿಗೆ 2.5 ಗ್ರಾಂ ಒಳ್ಳೆಯ ಪುಡಿ ಸಾಕು, ಈ ಬಾವಿಗೆ ಸುಮಾರು 70 ಗ್ರಾಂ. ಕೆಟ್ಟ ಬಾವಿಯನ್ನು ಪೂರ್ತಿ ಶುದ್ಧಿ ಮಾಡೋದಾದರೆ ಲೀಟರಿಗೆ 50 ಮಿ.ಗ್ರಾಂ ಕ್ಲೋರಿನ್ ಬೇಕು, 33 ಶೇಕಡಾ ಕ್ಲೋರಿನ್ ಇರುವ ತಾಜಾ ಪುಡಿಯಲ್ಲಿ 4.3 ಕೆಜಿ. ನಿಮ್ಮ ಒಂದು ಕೆಜಿ ಲೀಟರಿಗೆ 12 ಮಿ.ಗ್ರಾಂ ಹತ್ತಿರ ಬರುತ್ತೆ: ಅತ್ತ ಕುಡಿಯೋಕೂ ಅಲ್ಲ, ಇತ್ತ ಶುದ್ಧಿಗೂ ಸಾಲಲ್ಲ.

ಪುಡಿ ಹಳೆಯದಾದರೆ ಲೆಕ್ಕ ಕೆಡುತ್ತೆ. ಚೀಲ ತೆರೆದು ತೇವದಲ್ಲಿ ಇಟ್ಟರೆ ಕ್ಲೋರಿನ್ ಹಾರಿಹೋಗಿ ಕೊನೆಗೆ ಉಳಿಯೋದು ಸುಣ್ಣ. 20 ಶೇಕಡಾಕ್ಕೆ ಇಳಿದಿದ್ದರೆ 4.3 ಇದ್ದದ್ದು 7 ಕೆಜಿ ಆಗುತ್ತೆ.

ಸುರಿಯೋದಂತೂ ಬೇಡ. ಬಕೆಟ್ಟಿನಲ್ಲಿ ಮೊದಲು ಸ್ವಲ್ಪ ನೀರು ಹಾಕಿ ಗಂಟಿಲ್ಲದ ಗಂಜಿಯ ಹದಕ್ಕೆ ಕಲಸಿ, ಆಮೇಲೆ ಮುಕ್ಕಾಲು ಬಕೆಟ್ ನೀರು ಸೇರಿಸಿ ಕಲಕಿ, 5ರಿಂದ 10 ನಿಮಿಷ ಸುಣ್ಣ ತಳ ಸೇರೋಕೆ ಬಿಡಿ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಬಸಿದು, ಅದನ್ನು ಬಾವಿ ನೀರಿನೊಳಗೆ ಇಳಿಸಿ ಮೇಲೆ ಕೆಳಗೆ, ಅತ್ತ ಇತ್ತ ಆಡಿಸಿ. ತಳದ ಸುಣ್ಣ ಬಾವಿಗೆ ಬೇಡ, ನೀರಿನ ಗಡಸು ಹೆಚ್ಚುತ್ತೆ. 4 ಕೆಜಿ ಒಂದೇ ಬಕೆಟ್ಟಿಗೆ ತುರುಕಬೇಡಿ, ನಾಲ್ಕೈದು ಸಲ ಮಾಡಿ. ದಿನಬಳಕೆಯ ಪ್ರಮಾಣಕ್ಕೆ ಒಂದು ಗಂಟೆ ಬಿಟ್ಟು ನೀರು ಸೇದಬಹುದು. ಶುದ್ಧಿಯ ಪ್ರಮಾಣ ಹಾಕಿದ್ದರೆ 12 ಗಂಟೆಯಾದರೂ ಬಿಟ್ಟು, ವಾಸನೆ ಹೋಗುವ ತನಕ ನೀರೆತ್ತಿ ಹೊರಹಾಕಿ. ಆ ನೀರನ್ನು ಸೆಪ್ಟಿಕ್ ಟ್ಯಾಂಕಿಗೂ ಮೀನಿರುವ ಹೊಂಡಕ್ಕೂ ಬಿಡಬೇಡಿ.

ಮತ್ತೆ ಇದು ಮದ್ದಲ್ಲ. ಸೋರಿಕೆ ನಿಲ್ಲದಿದ್ದರೆ ಕೊಳಚೆಯ ಅಮೋನಿಯಾ ಕ್ಲೋರಿನ್ನನ್ನು ತಿಂದುಹಾಕುತ್ತಲೇ ಇರುತ್ತೆ. ಕೆಲವು ಪರಾವಲಂಬಿಗಳು, ಮುಖ್ಯವಾಗಿ ಕ್ರಿಪ್ಟೋಸ್ಪೊರಿಡಿಯಂ, ಈ ಮಟ್ಟದ ಕ್ಲೋರಿನ್ನಿಗೆ ಜಗ್ಗೋದೇ ಇಲ್ಲ.

ಲ್ಯಾಬ್‌ಬಾಟಲಿ:
ನೀರಿನಲ್ಲಿ ಉಳಿದ ಕ್ಲೋರಿನ್ ಎಷ್ಟು ಅಂತ ನೋಡೋಕೆ ಡಿಪಿಡಿ ಅನ್ನೋ ಪರೀಕ್ಷಾ ಮಾತ್ರೆ ಬಳಸಿ, ಗುಲಾಬಿ ಬಣ್ಣ ಬರುತ್ತೆ. ಲೀಟರಿಗೆ 0.5 ಮಿ.ಗ್ರಾಂ ಮುಕ್ತ ಕ್ಲೋರಿನ್ ಇರಬೇಕು. ಒಂದು ಮೋಸ ಇದೆ: ಕ್ಲೋರಿನ್ ಅತಿಯಾಗಿದ್ದರೆ ಆ ಗುಲಾಬಿಯನ್ನೇ ಅದು ಬಿಳುಚಿಸಿಬಿಡುತ್ತೆ, "ಕ್ಲೋರಿನ್ ಇಲ್ಲ" ಅಂತ ಇನ್ನಷ್ಟು ಹಾಕ್ತಾರೆ. ಒಂದು ಕ್ಷಣ ಗುಲಾಬಿ ಬಂದು ಮಾಯವಾದರೆ ಮಾದರಿಯನ್ನು ಶುದ್ಧ ನೀರಿನಲ್ಲಿ ಹತ್ತು ಪಟ್ಟು ತೆಳು ಮಾಡಿ ಮತ್ತೆ ನೋಡಿ.

ಚರಿತ್ರೆ_ಚಟ:
ಈ "ದೋಷ ಕಂಡುಬಂದಿಲ್ಲ" ಹೊಸ ಕಾಯಿಲೆ ಅಲ್ಲ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಕಾಲರಾ ಎಲ್ಲರಿಗೂ ಗೊತ್ತು. ಆ ಬೀದಿಯ ಬಾವಿ ಪಂಪಿನ ನೀರೇ ಕಾರಣ ಅಂತ ವೈದ್ಯ ಜಾನ್ ಸ್ನೋ ಹೇಳಿದ ಮೇಲೆ ಸೆಪ್ಟೆಂಬರ್ 8ರಂದು ಪಂಪಿನ ಹಿಡಿ ಬಿಚ್ಚಿಸಿದರು. ಹೆಚ್ಚು ಜನಕ್ಕೆ ಗೊತ್ತಿಲ್ಲದ್ದು ಮುಂದಿನದು. ಆಮೇಲೆ ಆ ಬಾವಿಯನ್ನು ತೆರೆದು ನೋಡಿದಾಗ ಇಟ್ಟಿಗೆ ಗೋಡೆಯಲ್ಲಿ ತೂತು, ಬಿರುಕು ಏನೂ ಇಲ್ಲ ಅಂತಲೇ ವರದಿ ಬಂತು. 1855ರಲ್ಲಿ ಹೊರಗಡೆಯಿಂದ ನೆಲ ಅಗೆದು ನೋಡಿದಾಗ 40ನೇ ನಂಬರ್ ಮನೆಯ ಮಲಗುಂಡಿ ಬಾವಿಯಿಂದ ಒಂದು ಮೀಟರಿಗೂ ಕಡಿಮೆ ದೂರದಲ್ಲಿತ್ತು, ಅದರ ಇಟ್ಟಿಗೆ ಕೊಳೆತು ಸಡಿಲವಾಗಿತ್ತು, ನಡುವಿನ ಮಣ್ಣು ಕೊಳಚೆಯಿಂದ ತೊಯ್ದಿತ್ತು. ಒಳಗಿನಿಂದ ನೋಡಿದವರಿಗೆ ಕಾಣದ್ದು ಹೊರಗಿನಿಂದ ಅಗೆದವರಿಗೆ ಕಂಡಿತು.

ಇನ್ನೂ ಒಂದು. ಸ್ಥಳೀಯ ಆರೋಗ್ಯ ಮಂಡಳಿ ಅನ್ನೋ ವ್ಯವಸ್ಥೆಗೆ ದಾರಿ ಮಾಡಿದ್ದು ಇಂಗ್ಲೆಂಡಿನ 1848ರ ಸಾರ್ವಜನಿಕ ಆರೋಗ್ಯ ಕಾಯ್ದೆ. ಊರಿನ ತೆರಿಗೆದಾರರಲ್ಲಿ ಹತ್ತನೇ ಒಂದು ಭಾಗ ಅರ್ಜಿ ಕೊಟ್ಟರೆ, ಅಥವಾ ಸಾವಿನ ಪ್ರಮಾಣ ಸಾವಿರಕ್ಕೆ 23 ದಾಟಿದರೆ ಮಂಡಳಿ ರಚಿಸಬಹುದಿತ್ತು. ಅದರ ಮೇಲಿದ್ದ ಕೇಂದ್ರ ಮಂಡಳಿಯ ತನಿಖೆಯೇ ಸ್ನೋ ಅವರ ನೀರಿನ ವಾದವನ್ನು ಒಪ್ಪಲಿಲ್ಲ, ಕೆಟ್ಟ ಗಾಳಿಯೇ ಕಾರಣ ಅಂತ ಕೂತಿತು.

ತಗಾದೆ_ತಮ್ಮಯ್ಯ:
ನೋಡಿ, ನಾನು ಹೇಳಿದ್ದು 1854ರಲ್ಲೂ ಸತ್ಯ.

ಮೋರಿಮಿತ್ರ:
ಹಿಡಿ ಬಿಚ್ಚುವ ಹೊತ್ತಿಗೆ ಕಾಲರಾ ಇಳಿಮುಖ ಆಗಿತ್ತು ಅನ್ನೋದನ್ನೂ ಹೇಳಿ ಚರಿತ್ರೆ ಸಾರ್. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಚರಿತ್ರೆ_ಚಟ:
ನಿಜ, ಸ್ನೋ ಅವರೇ ಅದನ್ನು ಬರೆದಿದ್ದಾರೆ, ಜನ ಆಗಲೇ ಬೀದಿ ಬಿಟ್ಟು ಓಡಿದ್ದರು. ಆದರೂ ಆ 40ನೇ ನಂಬರ್ ಮನೆಯಲ್ಲಿ ಎರಡನೇ ಸಲ ಕಾಲರಾ ತಗುಲಿದಾಗ ಪಂಪ್ ತೆರೆದೇ ಇದ್ದಿದ್ದರೆ?

ಕಡತ_ಕಪಾಟು:
ಮಂಡಳಿ ಕಡೆಯ ಮಾತನ್ನೂ ಯಾರಾದರೂ ಹೇಳಬೇಕಲ್ಲ. ದೂರು ಬಂದ ಕ್ರಮದಲ್ಲಿ ಹೋಗೋಕೆ ಆಗಲ್ಲ. ನೆಲದ ಮೇಲೆ ಹರಿಯುವ ಕೊಳಚೆ, ಕುಡಿಯುವ ನೀರು ಕೆಟ್ಟದ್ದು, ಒಂದೇ ಕಡೆ ಹಲವರಿಗೆ ಭೇದಿ, ಇವು ಮೊದಲು. ಕಳೆ ಬೆಳೆದ ಖಾಲಿ ನಿವೇಶನ, ವಾಸನೆ, ಕಸ ಆಮೇಲೆ. "ವಾಸನೆ ಬರುತ್ತಿದೆ" ಅಂತ ಮಾತ್ರ ಬರೆದರೆ ನಿಮ್ಮ ಬಾವಿ ದೂರು ಕಳೆಗಿಡದ ಸಾಲಿನಲ್ಲಿ ಕೂರುತ್ತೆ. ಮೊದಲ ಸಾಲಿನಲ್ಲೇ "ಕುಡಿಯುವ ನೀರಿನ ಬಾವಿ, ಇಷ್ಟು ಮನೆಗಳು ಬಳಸುತ್ತವೆ" ಅಂತ ಬರಲಿ.

ಹೆಸರಿಲ್ಲದ ಅರ್ಜಿಯೂ ತೊಂದರೆ. ನಿಮ್ಮ ಬಾವಿಯಿಂದ ಮಾದರಿ ತೆಗೆಯಬೇಕು, ನಿಮ್ಮ ಕಡೆಯಿಂದ ಗೋಡೆ ನೋಡಬೇಕು. ಹೆಸರೇ ಇಲ್ಲದಿದ್ದರೆ ಯಾರ ಮನೆ ಬಾಗಿಲು ತಟ್ಟೋದು? ಹೆಸರು ಗೌಪ್ಯವಾಗಿಡಿ ಅಂತ ಬರೆದು ಕೇಳಿ.

ನೋಟಿಸ್ ಹೊರಟ ಮೇಲೆ ಅದರ ಪ್ರತಿ ಓದಿ. "ಕೂಡಲೇ ಸರಿಪಡಿಸತಕ್ಕದ್ದು" ಅಂತ ಮಾತ್ರ ಇದ್ದರೆ ಅದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಮುಚ್ಚಳಕ್ಕೆ ಗಾರೆ ಮೆತ್ತಿ "ಸರಿಪಡಿಸಿದ್ದೇವೆ" ಅಂತಾರೆ. ಟ್ಯಾಂಕ್ ಖಾಲಿ ಮಾಡಿಸಿ ರಸೀದಿ ಹಾಜರುಪಡಿಸಬೇಕು, ‘ಟಿ’ ತುಂಡು ಬದಲಿಸಬೇಕು, ಬಿರುಕು ಮುಚ್ಚಿ 24 ಗಂಟೆ ನೀರು ನಿಲ್ಲಿಸಿ ಮಟ್ಟ ಇಳಿಯದ್ದನ್ನು ತೋರಿಸಬೇಕು, ಇಂತಿಷ್ಟು ದಿನದೊಳಗೆ, ಆಮೇಲೆ ಮರುಪರಿಶೀಲನೆ. ಹೀಗಿದ್ದರೆ ಮಾತ್ರ ಪಾಲಿಸಿದರೋ ಇಲ್ಲವೋ ಅಂತ ಹೇಳೋಕೆ ಬರುತ್ತೆ.

ನೊಣದ_ರೆಕ್ಕೆ:
ವಿಷಯಾಂತರಕ್ಕೆ ಕ್ಷಮೆ ಇರಲಿ. ಬಾವಿ ಇಲ್ಲ, ಬರೀ ವಾಸನೆ ಅಂದ್ರೆ? ಬಚ್ಚಲಲ್ಲಿ ಗಬ್ಬು, ಪಕ್ಕದ ಟ್ಯಾಂಕಿಂದ ಬರ್ತಿದೆ ಅನ್ಸುತ್ತೆ.

ಮೋರಿಮಿತ್ರ:
ದೂರು ಕೊಡೋ ಮೊದಲು ಬಚ್ಚಲಿನ ಜಾಲರಿಗೆ ಒಂದು ಚೊಂಬು ನೀರು ಹುಯ್ದು ನೋಡಿ. ಅದರ ಕೆಳಗಿನ ಬಾಗಿದ ಟ್ರ್ಯಾಪಿನಲ್ಲಿ ಸುಮಾರು 50 ಮಿ.ಮೀ. ನೀರು ನಿಂತು ಮೋರಿ ಗಾಳಿಯನ್ನು ತಡೆಯುತ್ತೆ. ಬಳಸದ ಬಚ್ಚಲಲ್ಲಿ ಆ ನೀರು ಒಣಗುತ್ತೆ, ಗಾಳಿ ನೇರ ಒಳಗೆ. ನೀರು ಹಾಕಿ ವಾಸನೆ ನಿಂತು, ಗಂಟೆಯೊಳಗೆ ಮತ್ತೆ ಬಂದರೆ ಗಾಳಿಕೊಳವೆ ಕಟ್ಟಿದೆ, ಫ್ಲಶ್ ಮಾಡಿದಾಗಲೆಲ್ಲ ಟ್ರ್ಯಾಪಿನ ನೀರು ಎಳೆದುಹೋಗ್ತಿದೆ. ಅದು ಪಕ್ಕದವರ ತಪ್ಪಲ್ಲ.

ನೊಣದ_ರೆಕ್ಕೆ:
ಗಾಳಿಕೊಳವೆಗೆ ಜಾಲರಿ ಇಲ್ಲ, ಸಂಜೆ ಆದ್ರೆ ಸೊಳ್ಳೆ ಹಿಂಡು ಬರುತ್ತೆ. ಫಾಗಿಂಗ್ ಮಾಡ್ಸಿ ಅಂತ ಬರೀಲಾ?

ಲೆಕ್ಕದ_ಹಾಳೆ:
ಫಾಗಿಂಗ್ ಹಾರುತ್ತಿರುವ ಸೊಳ್ಳೆಗೆ ಮಾತ್ರ; ಟ್ಯಾಂಕಿನೊಳಗಿನ ಮರಿಗಳು ಹಾಗೇ ಇರ್ತವೆ, ಮತ್ತೆ ಹೊಸ ಹಿಂಡು. ಕೊಳವೆ ತುದಿಗೆ ತುಕ್ಕು ಹಿಡಿಯದ ಜಾಲರಿ, ಮುಚ್ಚಳದ ಸಂದಿಗೆ ಗಾರೆ, ಇವನ್ನು ಕೇಳಿ. ತುಂಬಿ ಹರಿಯದ ಮಲಗುಂಡಿಯಾದರೆ 2-3 ಮಿ.ಮೀ. ಗಾತ್ರದ ಪಾಲಿಸ್ಟೈರೀನ್ ಮಣಿಗಳನ್ನು ಒಂದು ಸೆಂ.ಮೀ. ದಪ್ಪ ತೇಲಿಬಿಡುವ ವಿಧಾನ ಇದೆ. ಸೊಳ್ಳೆ ಮೊಟ್ಟೆ ಇಡೋಕೆ ಆಗಲ್ಲ, ಮರಿಗೆ ಉಸಿರಾಡೋಕೆ ಆಗಲ್ಲ. ಜಾಂಜಿಬಾರ್‌ನಲ್ಲಿ ಆನೆಕಾಲು ರೋಗದ ಸೊಳ್ಳೆಗೆ ಇದು ಚೆನ್ನಾಗಿ ನಡೆದಿದೆ. ಹೊರಪೈಪ್ ಇರುವ ಟ್ಯಾಂಕಿಗೆ ಬೇಡ, ಮಣಿ ಕೊಚ್ಚಿಕೊಂಡು ಪೈಪ್ ಕಟ್ಟುತ್ತೆ.

ಬಾವಿಕಟ್ಟೆ:
ಎಲ್ಲ ಸೇರಿಸಿ ಅರ್ಜಿಯ ಕೋರಿಕೆ ಭಾಗ ಹೀಗೆ ಬರೆದರೆ ಹೇಗೆ? "1) ಬೆಳಿಗ್ಗೆ 6ರಿಂದ 8ರ ನಡುವೆ ಸ್ಥಳ ಪರಿಶೀಲನೆ. 2) ಟ್ಯಾಂಕಿನ ಮುಚ್ಚಳ ತೆರೆಸಿ ನೀರಿನ ಮಟ್ಟ ಮತ್ತು ‘ಟಿ’ ತುಂಡಿನ ಸ್ಥಿತಿ ದಾಖಲಿಸುವುದು. 3) ಬಾವಿ ನೀರಿನ ಇ-ಕೋಲೈ, ನೈಟ್ರೇಟ್, ಕ್ಲೋರೈಡ್ ಪರೀಕ್ಷೆ. 4) ಬಣ್ಣದ ಪರೀಕ್ಷೆ. 5) ಕ್ರಮ ಕೈಗೊಂಡು ತಿಳಿಸುವುದು."

ಹಿಂಬರಹ:
3ರಲ್ಲಿ "ಬಾವಿಗೆ ಈವರೆಗೆ ಕ್ಲೋರಿನ್ ಹಾಕಿರುವುದಿಲ್ಲ" ಅಂತ ಸೇರಿಸಿ, ಮೇಲ್ಗಡೆ ಬಾವಿಯ ಹೋಲಿಕೆ ಮಾದರಿಯನ್ನೂ ಕೇಳಿ. 4ರ ಮುಂದೆ "ಮಾದರಿ ತೆಗೆದ ನಂತರ" ಅಂತ ಇರಲಿ, ಜೊತೆಗೆ ಎಷ್ಟು ದಿನ ನೋಡಬೇಕು ಅನ್ನೋದನ್ನೂ ಬರೆಯಿರಿ. 5 ತೆಗೆದುಹಾಕಿ. ಅದರ ಜಾಗದಲ್ಲಿ "ಮೇಲಿನ ಪ್ರತಿ ಅಂಶಕ್ಕೂ ಪ್ರತ್ಯೇಕವಾಗಿ, ಯಾವುದನ್ನಾದರೂ ಮಾಡದಿದ್ದಲ್ಲಿ ಕಾರಣ ಸಹಿತ ಹಿಂಬರಹ ನೀಡುವುದು" ಅಂತ ಹಾಕಿ.